ಬಾಗಿಲ ಹೊರಗಿನ ಮೊಳೆ

ಬಿಸಿನೀರು ಸುರಿಯುತ್ತಿದ್ದ ಶರಣ್ಯಾಳ ಕೈ ನಿಂತಿತು.

"ಯಾಕೆ ನಿಲ್ಸಿದೆ? ಸುರಿ," ಎಂದಳು ತಾಯಿ ವರಲಕ್ಷ್ಮಿ. ಹಾಗೆ ಹೇಳಿದವಳೇ ತಾನೂ ಕೈ ನಿಲ್ಲಿಸಿದಳು. ನಾದಿನಿಯ ಕೊರಳ ಸುತ್ತ ಬೆರಳಾಡಿಸಿದಳು. ಹಿಂದೆ, ಒದ್ದೆ ಕೂದಲ ಕೆಳಗೆ, ಮತ್ತೆ ಮುಂದೆ. "ಶರೂ, ಅತ್ತೆ ಲಿಂಗ ಎಲ್ಲೇ?"

ಜಗದಾಂಬಾಳ ಕೊರಳು ಬರಿದಾಗಿತ್ತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಕಡೆಯೆಲ್ಲ ಹತ್ತಿಯ ಚೂರುಗಳು ಅಂಟಿಕೊಂಡಿದ್ದವು. ಮೂಗಿನ ಕೆಳಗೆ ಪ್ಲಾಸ್ಟರು ಕಿತ್ತ ಗುರುತು. ನಲವತ್ನಾಲ್ಕರ ಮುಖ ಒಂದೇ ರಾತ್ರಿಗೆ ಊದಿಕೊಂಡು ಬೇರೆ ಯಾರದೋ ಮುಖದಂತಾಗಿತ್ತು.

"ನಂಗೊತ್ತಿಲ್ಲಮ್ಮ."

"ಬೀರು ನೋಡೋಕೆ ಹೇಳು ನಿಮ್ಮಪ್ಪಂಗೆ. ಬೇಗ."

ಹೊರಗೆ ಹಜಾರದಲ್ಲಿ ಐನೋರು ವಿಭೂತಿ ಗಟ್ಟಿಗಳನ್ನು ಬಾಳೆಎಲೆಯ ಮೇಲೆ ಜೋಡಿಸುತ್ತಿದ್ದರು. ಹೆಣವನ್ನು ಕೂರಿಸಲು ಗೋಡೆಗೆ ಮಣೆ ಆನಿಸಿ, ಮೇಲೆ ಹಗ್ಗಕ್ಕೆ ಎರಡು ಮೊಳೆ ಹೊಡೆದಿದ್ದರು. ಶರಣ್ಯಾಳ ಅಪ್ಪ ಕಲ್ಮೇಶ ಬೀರು ತೆಗೆದು ತಂಗಿಯ ಸೀರೆಗಳ ನಡುವೆ ಕೈಹಾಕಿದ. ಸಿಕ್ಕಿತು. ಲಿಂಗವಿಡುವ ಬೆಳ್ಳಿಯ ಕರಡಿಗೆ, ದಾರ ಸುತ್ತಿಟ್ಟದ್ದು. ಅವನು ಅದನ್ನು ಐನೋರ ಕೈಗೆ ಕೊಡುವ ಮೊದಲೇ ನಡುವೆ ಕೂತಿದ್ದ ಚಿಕ್ಕಪ್ಪ ಗೂಳಪ್ಪ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು, ಬೆಂಕಿಪೊಟ್ಟಣ ಅಲ್ಲಾಡಿಸಿ ನೋಡುವ ಹಾಗೆ.

"ಖಾಲಿ ಐತಿ. ನೋಡ್ರಿ ಐನೋರ, ಒಳಗ ಏನೂ ಇಲ್ಲ."

ಗೂಳಪ್ಪ ಬೆಳಗಿನ ರೈಲಿಗೆ ಹಾವೇರಿಯಿಂದ ಬಂದಿದ್ದರು. ಬಂದಾಗಿನಿಂದ ಹೂವು ಎಲ್ಲಿ, ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟುವವರು ಎಲ್ಲಿ ಎಂದು ಎಲ್ಲವನ್ನೂ ತಾವೇ ವಿಚಾರಿಸುತ್ತಿದ್ದರು. ಅಣ್ಣ, ಸತ್ತವಳ ತಂದೆ ಚನ್ನಮಲ್ಲಪ್ಪ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅವರು ಮೂಲೆಯ ಕುರ್ಚಿಯಲ್ಲಿ ನಿನ್ನೆಯ ಬನಿಯನ್ನಿನ ಮೇಲೆ ಯಾರೋ ಹೊದೆಸಿದ ಶಾಲು ಹೊದ್ದು ಕೂತಿದ್ದರು. ಸ್ನಾನ ಮಾಡಿರಲಿಲ್ಲ. ಅವರ ಜೀವಮಾನದಲ್ಲಿ ಬೆಳಗಿನ ಪೂಜೆ ತಪ್ಪಿದ್ದನ್ನು ಮನೆಯವರು ನೋಡಿದ್ದು ಅದೇ ಮೊದಲು.

"ಅವಳ ಆ ಕಾಲೇಜು ಲ್ಯಾಬಲ್ಲೇ ಬಿಟ್ಟಿರ್ತಾಳೆ," ಎಂದ ಕಲ್ಮೇಶ. ಅತ್ತು ಒಡೆದ ದನಿಯಲ್ಲಿ ಈಗ ಸಿಟ್ಟೂ ಸೇರಿತು. "ಬಾಗಿಲಿಗೆ ನೇತುಹಾಕಿ ಬಂದಿರ್ತಾಳೆ. ಅವಳ ಹಣೆಬರಹ ಗೊತ್ತಿದ್ದದ್ದೇ ಅಲ್ವಾ."

"ಅಂದ್ರ ಲಿಂಗ ಬಿಟ್ಟಿದ್ಲು ಅಂತಾತು."

"ಚಿಕ್ಕಪ್ಪ, ನಾನು ಹಾಗಂದ್ನಾ?"

"ನೀ ಅನ್ನೂದು ಯಾಕ? ಡಬ್ಬಿನ ಹೇಳಾಕತ್ತೈತಿ." ಗೂಳಪ್ಪ ಕರಡಿಗೆಯನ್ನು ನೆಲದ ಮೇಲಿಟ್ಟರು. "ಲಿಂಗ ಬಿಟ್ಟಾಕಿನ್ನ ಕುಂದ್ರಿಸಿ, ವಿಮಾನದಾಗ ಒಯ್ಯೂದು ಯಾತಕ್ಕ? ನಿಮ್ಮೂರಾಗ ಹೆಣ ಸುಡೂ ಕರೆಂಟಿನ ಒಲಿ ಐತೆಲ್ಲ, ಅಲ್ಲಿಗೆ ಒಯ್ರಿ."

ಮಾಗಡಿ ರಸ್ತೆಯ ಕಡೆ ರುದ್ರಭೂಮಿಯಲ್ಲಿ, ಜಗದಾಂಬಾಳ ತಾಯಿಯ ಸಮಾಧಿಯ ಪಕ್ಕದಲ್ಲೇ ಬೆಳಿಗ್ಗೆ ಗುಂಡಿ ತೋಡಲು ಹೇಳಿಯಾಗಿತ್ತು. ಹೂಳುವಾಗ ಲಿಂಗ ಎಡಗೈಯಲ್ಲಿರಬೇಕು, ಇದ್ದರೆ ಅಲ್ಲಿ, ಇಲ್ಲದಿದ್ದರೆ ಬೇರೆ ಎಲ್ಲಿಗೋ.

"ಹೊತ್ತು ಮುಳುಗೋವರೆಗೂ ಟೈಮಿದೆ," ಎಂದರು ಐನೋರು ಮೆಲ್ಲಗೆ. "ಮೊದ್ಲು ಹುಡುಕ್ರಿ."

ಶರಣ್ಯಾ ಅಜ್ಜನ ಕಡೆ ನೋಡಿದಳು. ಅವರು ಮಗಳಿಗಾಗಿ ಗೋಡೆಗೆ ಹೊಡೆದ ಮೊಳೆಗಳನ್ನೇ ನೋಡುತ್ತಿದ್ದರು.

*

ಚನ್ನಮಲ್ಲಪ್ಪ ಟೆಲಿಫೋನ್ ಇಲಾಖೆಯ ಕೇಬಲ್ ವಿಭಾಗದಲ್ಲಿ ಇದ್ದು ನಿವೃತ್ತರಾದವರು. ರಾಜಾಜಿನಗರದ ಯಾವ ರಸ್ತೆಯ ಕೆಳಗೆ ಯಾವ ಕೇಬಲ್ ಮಲಗಿದೆ ಎಂದು ಈಗಲೂ ಹೇಳಬಲ್ಲರು. ಕೇಳುವವರಿಲ್ಲ ಅಷ್ಟೆ. ಮಗಳು ಕೆಂಗೇರಿಯಾಚೆಯ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯ ಸೇರಿ, ವೈರೇ ಬೇಡದ ಆಂಟೆನಾ ಮಾಡುತ್ತಾಳೆ ಎಂದಾಗ ಅವರಿಗೆ ತಮಾಷೆಯೂ ಆಗಿತ್ತು, ಸ್ವಲ್ಪ ಅವಮಾನವೂ ಆಗಿತ್ತು.

ಅವರಿಬ್ಬರೂ ಮಾತಾಡುತ್ತಿದ್ದ ಕಾಲ ಶರಣ್ಯಾಗೆ ನೆನಪಿದೆ. ಊಟದ ಮೇಜಿನ ಮೇಲೆ ಅತ್ತೆ ಪೆನ್ಸಿಲಿನಿಂದ ಕಾಗದಕ್ಕೆ ದಪ್ಪಗೆ ಗೀಚಿ, ಸೆಲ್ಲೋಟೇಪ್ ಅಂಟಿಸಿ ಕೀಳುತ್ತಿದ್ದಳು. ಕಿತ್ತ ಟೇಪಿನ ಮೇಲೆ ಇನ್ನೊಂದು ಟೇಪು, ಮತ್ತೊಂದು. ಕಪ್ಪು ತೆಳುವಾಗುತ್ತ ಹೋಗುತ್ತಿತ್ತು.

"ಹೀಗೆ ಪದರ ಬಿಡಿಸ್ತಾ ಹೋದ್ರೆ ಕೊನೆಗೆ ಒಂದೇ ಒಂದು ಪದರ ಉಳಿಯತ್ತೆ. ಅದೇ ಗ್ರಾಫೀನ್. ನಮ್ಮ ಆಂಟೆನಾನ ಅದರಲ್ಲೇ ಮಾಡೋದು."

"ಸೆಲ್ಲೋಟೇಪಲ್ಲಿ ವಿಜ್ಞಾನ," ಎಂದರು ಚನ್ನಮಲ್ಲಪ್ಪ ಪೇಪರಿನ ಹಿಂದಿನಿಂದ. "ಯಾರಿಗೆ ಬೇಕಂತೆ ನಿನ್ನ ಆಂಟೆನಾ?"

"ಚಿಪ್ಪಿಗೆ ಅಪ್ಪಾಜಿ. ಒಂದು ಚಿಪ್ಪೊಳಗೆ ಈಗ ಇಡೀ ಊರೇ ಇರತ್ತೆ. ಎಲ್ಲ ಮನೆಗೂ ವೈರ್ ಎಳೀತಾ ಹೋದ್ರೆ ವೈರೇ ತುಂಬ್ಕೊಳತ್ತೆ, ಬಿಸಿ ಆಗತ್ತೆ. ಅದಕ್ಕೆ ಮನೆಗೊಂದು ಆಂಟೆನಾ. ಅವವೇ ಮಾತಾಡ್ಕೊಳ್ತವೆ."

"ಎಷ್ಟು ದೂರ ಹೋಗತ್ತೆ ಸಿಗ್ನಲ್ಲು?"

ಅವಳು ಹೆಬ್ಬೆರಳು ತೋರುಬೆರಳುಗಳ ನಡುವೆ ಅಕ್ಕಿಕಾಳಿನಷ್ಟು ಜಾಗ ಬಿಟ್ಟು ತೋರಿಸಿದಳು.

ಅವರು ಪೇಪರು ಕೆಳಗಿಟ್ಟು ನಕ್ಕುಬಿಟ್ಟರು. "ಇಷ್ಟಕ್ಕಾ? ನಾನು ಹುಬ್ಬಳ್ಳಿ ತನಕ ಲೈನ್ ನೋಡ್ಕೊಂಡೋನು ಕಣವ್ವ. ಇಷ್ಟು ದೂರಕ್ಕೆ ಕೂಗಿದ್ರೆ ಕೇಳಿಸಲ್ವೇನು?"

"ಕೂಗೋದಿರ್ಲಿ, ಉಸಿರು ಬಿಟ್ರೂ ಅಳಿಸಿಹೋಗತ್ತೆ. ಉಸಿರಲ್ಲಿ ತೇವ ಇರತ್ತಲ್ಲ, ಆ ಅಲೆನ ತೇವ ಕುಡಿದುಬಿಡತ್ತೆ. ಅಳತೆ ತಗೊಳ್ಳೋವಾಗ ನಾವೆಲ್ಲ ಉಸಿರು ಬಿಗಿಹಿಡ್ಕೊಂಡು ನಿಂತಿರ್ತೀವಿ, ಗೊತ್ತಾ?"

ತೇವ ಮಾತ್ರವಲ್ಲ, ಲೋಹವೂ ಆ ಅಲೆಗೆ ಆಗುತ್ತಿರಲಿಲ್ಲ. ಹತ್ತಿರ ಲೋಹವಿದ್ದರೆ ಅಲೆ ಅದಕ್ಕೆ ಬಡಿದು ಹಿಂದಿರುಗಿ ಅಳತೆ ಕೆಡಿಸುತ್ತಿತ್ತು. ಅದಕ್ಕೆ ಬಳೆ, ಗಡಿಯಾರ, ಸರ ಎಲ್ಲ ಆ ಕೋಣೆಯ ಹೊರಗೆ. ಇದನ್ನು ಮಾತ್ರ ಅವಳು ಆಗ ಮನೆಯಲ್ಲಿ ಹೇಳಿರಲಿಲ್ಲ.

ನಾಲ್ಕು ವರ್ಷದ ಕೆಳಗೆ ಒಂದು ದಿನ ಅವಳು ಊಟದ ಡಬ್ಬಿ ಮರೆತು ಹೋದಳು. ಆಗಷ್ಟೇ ಹೆಂಡತಿಯನ್ನು ಕಳೆದುಕೊಂಡಿದ್ದ ಚನ್ನಮಲ್ಲಪ್ಪನವರಿಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ತಾವೇ ಬಸ್ಸು ಹತ್ತಿ ಡಬ್ಬಿ ಕೊಡಲು ಹೋದರು. ಪ್ರಯೋಗಾಲಯದ ಬಾಗಿಲು ಮುಚ್ಚಿತ್ತು. ಹೊರಗೆ ಗೋಡೆಯಲ್ಲಿ ಮೊಳೆ. ಮೊಳೆಯಲ್ಲಿ ಯಾರದೋ ಹೆಲ್ಮೆಟ್ಟು. ಅದರ ಪಟ್ಟಿಗೆ ತಗುಲಿಕೊಂಡು ಅವಳ ಬೆಳ್ಳಿಯ ಕರಡಿಗೆ.

ಅವರು ಡಬ್ಬಿಯನ್ನು ಅಲ್ಲೇ ಇಟ್ಟು ಕರಡಿಗೆಯನ್ನು ಬಿಡಿಸಿ ತಂದರು. ಸಂಜೆ ಅವಳು ಮನೆಗೆ ಬಂದಾಗ ಅದನ್ನು ತಟ್ಟೆಯಲ್ಲಿಟ್ಟು ಮುಂದೆ ಚಾಚಿದರು.

"ಅಪ್ಪಾಜಿ, ಅದು ಬೆಳ್ಳಿ ಅಂತ..."

"ಗೂಟಕ್ಕೆ ಲಿಂಗ ಹಾಕೋರ ಜತೆ ನನಗೆ ಮಾತಿಲ್ಲ."

ಅದೇ ಕೊನೆ. ಅಲ್ಲಿಂದ ಮುಂದೆ ಒಂದೇ ಸೂರಿನ ಕೆಳಗೆ, ಒಂದೇ ಮೇಜಿನ ಎರಡು ಕಡೆ ಕೂತು, ಇಬ್ಬರೂ ಶರಣ್ಯಾಳ ಮುಖ ನೋಡಿ ಮಾತಾಡಿದರು. "ನಿಮ್ಮ ಅತ್ತೆಗೆ ಹೇಳು, ಗ್ಯಾಸು ಬುಕ್ ಮಾಡೋಕೆ." "ಅಜ್ಜಂಗೆ ಹೇಳು, ಬಿಪಿ ಮಾತ್ರೆ ತಗೊಳೋಕೆ." ಒಮ್ಮೆ ಅವಳಿಗೆ ರೇಗಿತ್ತು. "ನಾನೇನು ನಿಮ್ಮಿಬ್ಬರ ಮಧ್ಯದ ವೈರಾ?" ಎಂದಿದ್ದಳು. ಅತ್ತೆ ನಕ್ಕಿದ್ದಳು. ಅಜ್ಜ ಎದ್ದು ಹೋಗಿದ್ದರು.

ಹೋದ ವರ್ಷ ಅತ್ತೆ ಮೈಸೂರ್‌ಪಾಕಿನ ಡಬ್ಬಿ ಹಿಡಿದು ಬಂದಳು. "ಅಜ್ಜಂಗೆ ಹೇಳೇ ಶರೂ. ಇವತ್ತು ಕೇಳಿಸ್ತು. ಈ ತುದಿಯಿಂದ ಕಳಿಸಿದ್ದು ಆ ತುದೀಲಿ ಹಾಗ್‌ಹಾಗೇ ಕೇಳಿಸ್ತು."

"ಏನು ಕೇಳಿಸ್ತಂತೆ, ಕೇಳು," ಎಂದರು ಅಜ್ಜ ಅಲ್ಲೇ ಕೂತು.

"ಏನಿಲ್ಲ. ಸೊನ್ನೆ, ಒಂದು. ಅಷ್ಟೇ."

ಅಜ್ಜ ಒಂದು ತುಂಡು ತಿಂದರು. ಚೆನ್ನಾಗಿದೆ ಎಂದು ಯಾರಿಗೂ ಹೇಳಲಿಲ್ಲ.

*

ಕಲ್ಮೇಶ ಕಾಲೇಜಿಗೆ ಫೋನು ಮಾಡಿದ್ದನ್ನು ಕೇಳಿ ಸ್ಮೃತಿ ಬಂದಳು. ಜಗದಾಂಬಾಳ ಜತೆ ಅದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಚಪ್ಪಲಿ ಬಿಟ್ಟು ಒಳಗೆ ಬಂದವಳು, ಗೋಡೆಗೆ ಆನಿಸಿ ಕೂರಿಸಿ ಗಲ್ಲಕ್ಕೆ ಬಟ್ಟೆ ಕಟ್ಟಿದ ತನ್ನ ಮೇಡಮ್ಮನ್ನು ನೋಡಿ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

"ಸಿಕ್ತಾ? ತಂದ್ರಾ?" ಎಂದು ಕಲ್ಮೇಶ ಎದ್ದು ನಿಂತ.

"ಇಲ್ಲ ಸಾರ್. ಮೇಡಮ್ ಡ್ರಾಯರಲ್ಲಿ ಛತ್ರಿ, ಒಂದು ಸ್ವೆಟರ್ರು, ಕೊಬ್ಬರಿ ಎಣ್ಣೆ. ಅಷ್ಟೇ ಇದ್ದಿದ್ದು."

"ಬಾಗಿಲ ಹೊರಗೆ? ಮೊಳೇಲಿ?"

ಸ್ಮೃತಿಗೆ ಅರ್ಥವಾಗಲಿಲ್ಲ. "ಲಿಂಗಾನಾ? ಅವರು ಅದನ್ನ ತೆಗೀತಾನೇ ಇರ್ಲಿಲ್ವಲ್ಲ ಸಾರ್."

ಗೂಳಪ್ಪ ತಲೆಯೆತ್ತಿದರು. "ತೆಗೀದ ಒಳಗ ಹೆಂಗ ಬಿಡತಿದ್ರು? ಬೆಳ್ಳಿ ಆಗಂಗಿಲ್ಲಂತಲ್ಲ?"

"ಬೆಳ್ಳಿ ಆಗಲ್ಲ. ಅದಕ್ಕೇ ಅವರು ಬಟ್ಟೇದು ಹೊಲ್ಕೊಂಡಿದ್ರು. ಬಿಳೀ ಹತ್ತಿ ಬಟ್ಟೆ, ದಾರನೂ ಹತ್ತಿದೇ, ಹುಕ್ಕು ಗಿಕ್ಕು ಏನೂ ಇಲ್ಲ. ನಾಲ್ಕು ವರ್ಷದಿಂದ ಅದೇ. ಕೋಟಿನ ಒಳಗೆ ಹಾಕ್ಕೊಂಡೇ ಇರೋರು. ಮೊದಲ ಸಲ ಅದನ್ನ ಯಂತ್ರದ ಮುಂದೆ ಇಟ್ಟು ಅಳತೆ ಮಾಡಿ ನೋಡಿದ್ವಿ, ಏನಾದ್ರೂ ಕೆಡಿಸತ್ತಾ ಅಂತ. ಏನೂ ಕೆಡಿಸ್ಲಿಲ್ಲ. ಎಷ್ಟು ಖುಷಿ ಪಟ್ಟಿದ್ರು!" ಅವಳು ಮೇಡಮ್ಮನ ಮುಖ ನೋಡಿದಳು. "ಮನೇಲಿ ಹೇಳಿ ಮೇಡಮ್ ಅಂತ ಎಷ್ಟು ಸಲ ಹೇಳ್ದೆ. ಅಪ್ಪಾಜಿ ಕೇಳ್ಲಿ, ಹೇಳ್ತೀನಿ ಅನ್ನೋರು."

ವರಲಕ್ಷ್ಮಿ ಜೋರಾಗಿ ಅತ್ತಳು. ಕಲ್ಮೇಶ ನೆಲದ ಮೇಲಿದ್ದ ಖಾಲಿ ಕರಡಿಗೆಯನ್ನು ನೋಡಿದ.

"ಹಂಗಾರ ಅದು ಎಲ್ಲಿಗೆ ಹೋತು?" ಎಂದರು ಗೂಳಪ್ಪ. "ಹಾಕ್ಕೊಂಡಿದ್ಲು ಅಂತೀ, ಕೊರಳಾಗ ಇಲ್ಲ. ಹಾರಿ ಹೋತೇನು? ಯಾರಿಗೆ ಗೊತ್ತು, ಈ ಹುಡುಗಿ ಮರ್ಯಾದಿ ಉಳಸಾಕ—"

"ಮೊಳೆಗೆ ಹಾಕಿದ್ದು ನಾನು."

ಮೂಲೆಯಿಂದ ಬಂದ ದನಿ ಮೊದಲು ಯಾರದೆಂದು ತಿಳಿಯಲಿಲ್ಲ. ರಾತ್ರಿಯಿಂದ ಆಡದ ಬಾಯಿ. ಚನ್ನಮಲ್ಲಪ್ಪ ಶಾಲು ಸರಿಸಿ ತಮ್ಮ ಬನಿಯನ್ನನ್ನು ಎಲ್ಲರಿಗೂ ತೋರಿಸುವವರಂತೆ ಹಿಡಿದುಕೊಂಡರು.

"ಬಚ್ಚಲಲ್ಲಿ ಬಿದ್ಲು. ನಾನು ಹಿಂಗೇ ಆಸ್ಪತ್ರೆಗೆ ಹೋದೆ. ಸ್ಕ್ಯಾನ್ ಮಾಡೋನು ಮೈಮೇಲೆ ಏನೂ ಇರಬಾರ್ದು ಅಂದ. ಇದು ಬಟ್ಟೆ ಕಣಪ್ಪಾ ಅಂದೆ. ನನಗೂ ಆಗ್ಲೇ ಗೊತ್ತಾಗಿದ್ದು, ಬಟ್ಟೆ ಅಂತ. ಒಳಗೇನಿದೆಯೋ, ತೆಗೀರಿ ತೆಗೀರಿ ಅಂದ. ತೆಗೆದೆ." ಅವರು ಬನಿಯನ್ನು ಬಿಟ್ಟು ಎರಡೂ ಕೈ ಮುಂದೆ ಚಾಚಿದರು. "ಅವಳನ್ನ ಎತ್ತಿ ಮಲಗಿಸ್ಬೇಕಿತ್ತು, ಎರಡೂ ಕೈ ಬೇಕಿತ್ತು. ಬನಿಯನ್ನಿಗೆ ಜೇಬಿಲ್ಲ. ಪಂಚೆ ಸೊಂಟಕ್ಕೆ ಸಿಗಿಸೋ ಹಾಗಿಲ್ಲ, ಲಿಂಗ ಹೊಕ್ಕಳಿಂದ ಕೆಳಗೆ ಇಳೀಬಾರ್ದು. ನನ್ನ ಕೊರಳಿಗೆ ಹಾಕ್ಕೊಳೋ ಹಾಗಿಲ್ಲ, ಒಬ್ಬರದು ಒಬ್ಬರಿಗಲ್ಲ. ಬಾಗಿಲ ಹೊರಗೆ ಮೊಳೆ ಇತ್ತು."

"ಆಮೇಲೆ?" ಎಂದ ಕಲ್ಮೇಶ.

"ಆಮೇಲೆ ಅವಳು ಒಳಗೇ... ಓಡಿದ್ರು ಎಲ್ಲಾ. ನಾನೂ ಓಡ್ದೆ."

ಚನ್ನಮಲ್ಲಪ್ಪ ಕುರ್ಚಿಯ ಕೈ ಹಿಡಿದು ಎದ್ದರು. "ಶರೂ, ಬಾ. ಅಲ್ಲೇ ಇರತ್ತೆ."

*

ಸ್ಮೃತಿಯ ಸಣ್ಣ ಕಾರು ಬಸವೇಶ್ವರನಗರದಿಂದ ವಿಜಯನಗರದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಸಿಗ್ನಲ್ಲುಗಳಲ್ಲೇ ಅರ್ಧ ಹೊತ್ತು ಕಳೆಯಿತು. ಅಜ್ಜ ಮುಂದಿನ ಸೀಟಿನಲ್ಲಿ ಮೊಣಕಾಲು ಹಿಡಿದು ಕೂತಿದ್ದರು.

"ಆ ಬಟ್ಟೆ ಯಾವಾಗ ಹೊಲ್ಕೊಂಡ್ಲಮ್ಮ?" ಎಂದು ಸ್ಮೃತಿಯನ್ನು ಕೇಳಿದರು.

"ನೀವು ಬಂದು ಹೋದ ಮಾರನೇ ದಿನವೇ ತಾತ."

ಅವರು ಮೊಣಕಾಲಿನ ಮೇಲಿದ್ದ ಕೈ ತೆಗೆದು ತಮ್ಮ ಕೊರಳ ಕರಡಿಗೆಯನ್ನು ಮುಟ್ಟಿಕೊಂಡರು.

ಸ್ಕ್ಯಾನಿಂಗ್ ಕೋಣೆ ನೆಲಮಾಳಿಗೆಯಲ್ಲಿತ್ತು. ಬಾಗಿಲ ಪಕ್ಕದಲ್ಲಿ ಲೋಹದ ವಸ್ತು ಒಳಗೆ ತರಬಾರದೆಂಬ ಫಲಕ. ಅದರ ಕೆಳಗೆ ಮೊಳೆ. ಮೊಳೆಯಲ್ಲಿ ಯಾರದೋ ಚರ್ಮದ ಬೆಲ್ಟು ನೇತಾಡುತ್ತಿತ್ತು.

ಅಜ್ಜ ಬೆಲ್ಟನ್ನು ಎತ್ತಿ ಅದರ ಹಿಂದೆ ನೋಡಿದರು. ನೆಲ ನೋಡಿದರು. ಬೆಂಚಿನ ಕೆಳಗೆ ಬಗ್ಗಿದರು. ಶರಣ್ಯಾ ಅವರ ತೋಳು ಹಿಡಿದು ಎತ್ತಿದಳು.

ನೆಲ ಒರೆಸುತ್ತಿದ್ದ ಹೆಂಗಸು ಹತ್ತಿರ ಬಂದಳು. "ಏನ್ ಹುಡುಕ್ತಾ ಇದೀರ ಯಜಮಾನ್ರೇ?"

"ಬಿಳೀ ಬಟ್ಟೆ ಗಂಟು ಅಕ್ಕ, ದಾರ ಕಟ್ಟಿದ್ದು," ಎಂದಳು ಶರಣ್ಯಾ. "ನಿನ್ನೆ ಇಲ್ಲೇ ಇತ್ತು."

ಹೆಂಗಸಿನ ಕೈಯಲ್ಲಿದ್ದ ಕೋಲು ನಿಂತಿತು. "ಅದಾ? ಅಯ್ಯೋ, ಬ್ಯಾಂಡೇಜು ಅನ್ಕೊಂಡೆ ಕಣಮ್ಮ. ಯಾರೋ ಬಿಚ್ಚಿ ನೇತಾಕವ್ರೆ ಅಂತ ಹಳದಿ ಕವರ್ಗೆ ಹಾಕ್ದೆ."

"ಆ ಕವರ್ ಎಲ್ಲಿದೆ?"

"ಬೆಳಿಗ್ಗೇನೇ ಗಾಡಿ ಬಂದು ತಗೊಂಡೋಯ್ತಲ್ಲ."

"ಎಲ್ಲಿಗೆ ತಗೊಂಡೋಗ್ತಾರೆ?"

ಹೆಂಗಸು ಅಜ್ಜನ ಮುಖ ನೋಡಿ ಉತ್ತರವನ್ನು ಶರಣ್ಯಾಗೆ ಹೇಳಿದಳು. "ಸುಡಕ್ಕೆ." ಆಮೇಲೆ, ಏನಾದರೂ ಹೇಳಲೇಬೇಕು ಅನ್ನಿಸಿದಂತೆ, "ಅದೇನು ಚಿನ್ನ ಬೆಳ್ಳಿ ಇತ್ತಾ? ಬೆಳ್ಳೀದಾಗಿದ್ರೆ ನಾವೇ ಸೆಕ್ಯೂರಿಟಿಗೆ ಕೊಟ್ಟಿರ್ತಿದ್ವಿ ಯಜಮಾನ್ರೇ. ಬೆಳ್ಳಿನ ಯಾರಾದ್ರೂ ಬಿಸಾಕ್ತಾರಾ?"

ಸ್ಮೃತಿ ಗೋಡೆಯ ಕಡೆ ತಿರುಗಿಕೊಂಡಳು. ಅಜ್ಜ ಬೆಲ್ಟನ್ನು ಇದ್ದ ಹಾಗೆಯೇ ಮೊಳೆಗೆ ಹಾಕಿದರು.

*

ಮನೆಗೆ ಮರಳಿದ ಮೇಲೆ ಚನ್ನಮಲ್ಲಪ್ಪ ಆಸ್ಪತ್ರೆಯ ಮಾತನ್ನು ಎರಡೇ ಮಾತಲ್ಲಿ ಹೇಳಿ ಸ್ನಾನಕ್ಕೆ ಹೋದರು. ಮಡಿಯುಟ್ಟು ಬಂದು, "ವಿಮಾನ ಎತ್ರಿ," ಎಂದರು. ಹೊಸ ಲಿಂಗವನ್ನಾದರೂ ತರಿಸೋಣ ಎಂದು ಐನೋರು ಹೇಳಿದ್ದಕ್ಕೆ, "ಅವಳು ಪೂಜೆ ಮಾಡದೇ ಇದ್ದ ಕಲ್ಲು ಅವಳಿಗ್ಯಾಕೆ," ಎಂದರು. ಕರೆಂಟಿನ ಒಲೆಯ ಮಾತನ್ನು ಗೂಳಪ್ಪ ಮತ್ತೆ ಎತ್ತಲಿಲ್ಲ. ವಿಮಾನಕ್ಕೆ ತಾವೇ ಮೊದಲು ಹೆಗಲು ಕೊಟ್ಟರು.

ರುದ್ರಭೂಮಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಗುಂಡಿಯ ಒಂದು ಬದಿಯನ್ನು ಕೊರೆದು ಮಾಡಿದ ಗೂಡಿನಲ್ಲಿ ಜಗದಾಂಬಾಳನ್ನು ಕೂರಿಸಿದರು. ಹಣೆಗೆ ಮೂರು ಬೆರಳ ವಿಭೂತಿ. ಎಡಗೈಯನ್ನು ಎದೆಯ ಮಟ್ಟಕ್ಕೆ ತಂದು ಅಂಗೈ ಮೇಲಾಗಿಟ್ಟರು. ಐನೋರು ಗುಂಡಿಯೊಳಗಿನಿಂದ ತಲೆಯೆತ್ತಿ, "ಯಜಮಾನ್ರೇ..." ಎಂದು ನಿಲ್ಲಿಸಿದರು.

ಚನ್ನಮಲ್ಲಪ್ಪ ತಮ್ಮ ಕೊರಳಿಗೆ ಕೈಹಾಕಿ ಕರಡಿಗೆಯನ್ನು ಹೊರಗೆಳೆದರು. ಮುಚ್ಚಳ ತಿರುವಿದರು.

"ಅಣ್ಣಾ!" ಗೂಳಪ್ಪ ಮುಂದೆ ಬಂದರು. "ಏನ್ ಮಾಡಾಕತ್ತೀ? ಒಬ್ಬರದು ಒಬ್ಬರಿಗೆ ಆಗಂಗಿಲ್ಲೋ. ನೀ ಹೇಳಿದ್ದ ಐತಲ್ಲ!"

"ಯಜಮಾನ್ರೇ, ಶಾಸ್ತ್ರ ಒಪ್ಪಲ್ಲ," ಎಂದರು ಐನೋರು. ಆದರೆ ಅಡ್ಡ ಬರಲಿಲ್ಲ.

"ಕಲ್ಮೇಶ, ನನ್ನ ಇಳಿಸು."

ಕಲ್ಮೇಶ ಕಂಕುಳಿಗೆ ಕೈಕೊಟ್ಟು ಇಳಿಸಿದ. ಮಣ್ಣು ಉದುರಿ ಅವರ ಮಡಿಪಂಚೆಯ ಮೇಲೆ ಬಿತ್ತು. ಎಂಟನೆಯ ವರ್ಷದಿಂದ ಅವರ ಅಂಗೈಯಲ್ಲಿ ದಿನವೂ ಕೂತ ಆ ಕಪ್ಪು ಲಿಂಗವನ್ನು ಮಗಳ ಅಂಗೈಯಲ್ಲಿಟ್ಟರು. ಬೆರಳುಗಳನ್ನು ಮಡಿಸಲು ನೋಡಿದರು. ಬೆರಳು ಮಡಿಯಲಿಲ್ಲ. ಹೆಣ ಸೆಟೆದಿತ್ತು.

"ಹಿಡ್ಕೊಳವ್ವ," ಎಂದರು.

ಶರಣ್ಯಾ ಗುಂಡಿಯ ಅಂಚಿನಲ್ಲಿ, ಮಾತು ದಾಟಿಸುವ ಅಭ್ಯಾಸಬಲದಿಂದ ಮುಂದೆ ಬಾಗಿದಳು. ಅವರು ಅವಳ ಕಡೆ ತಿರುಗಲಿಲ್ಲ.

ಕೊನೆಗೆ ಐನೋರು ಶಿವದಾರದಿಂದ ಅಂಗೈಯನ್ನೂ ಲಿಂಗವನ್ನೂ ಸೇರಿಸಿ ಕಟ್ಟಿದರು. ವಿಭೂತಿ, ಉಪ್ಪು, ಬಿಲ್ವಪತ್ರೆ. ಆಮೇಲೆ ಮಣ್ಣು.

*

ಮನೆಯಲ್ಲಿ ನೆಲ ತೊಳೆದು, ಬಾಗಿಲ ಬಳಿ ದೀಪ ಹಚ್ಚಿಟ್ಟಿದ್ದರು. ಹಜಾರದ ಗೋಡೆಯಲ್ಲಿ ಹೊಸ ಮೊಳೆಗಳೆರಡು ಹಾಗೆಯೇ ಇದ್ದವು. ಗೂಳಪ್ಪ ರಾತ್ರಿಯ ರೈಲಿಗೆ ಹೋಗುವುದಾಗಿ ಹೇಳಿ ಚೀಲ ಹುಡುಕುತ್ತಿದ್ದರು.

ಶರಣ್ಯಾ ಅಜ್ಜನಿಗೆ ಕಾಫಿ ತೆಗೆದುಕೊಂಡು ಒಳಕೋಣೆಗೆ ಹೋದಳು. ಅವರು ಮತ್ತೆ ಸ್ನಾನ ಮಾಡಿ, ಮಣೆಯ ಮೇಲೆ ಎಂದಿನ ಜಾಗದಲ್ಲಿ ಕೂತಿದ್ದರು. ಮುಂದೆ ನೀರಿನ ತಂಬಿಗೆ, ವಿಭೂತಿ, ಎರಡು ಬಿಲ್ವದ ಎಲೆ. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಅಂಗೈಯಲ್ಲಿ ಏನೂ ಇರಲಿಲ್ಲ. ಅವರು ಆ ಖಾಲಿ ಅಂಗೈಯನ್ನು ಮುಖದ ತೀರ ಹತ್ತಿರ ತಂದು ನೋಡುತ್ತಿದ್ದರು. ತುಟಿಗಳು ಅಲುಗುತ್ತಿದ್ದವು. ಮಂತ್ರವಲ್ಲ, ನಡುನಡುವೆ ನಿಲ್ಲಿಸುತ್ತಿದ್ದರು, ಆ ಕಡೆಯಿಂದ ಏನೋ ಬರಬೇಕೆನ್ನುವ ಹಾಗೆ.

ಶರಣ್ಯಾ ಹೊಸ್ತಿಲಲ್ಲೇ ನಿಂತಳು. ಕಾಫಿಯ ಲೋಟದ ಮೇಲೆ ಅಂಗೈ ಮುಚ್ಚಿ ಹಬೆಯನ್ನು ತಡೆದಳು. ಉಸಿರು ಬಿಗಿಹಿಡಿದಳು.